ಓದುಗರ ಪ್ರಶ್ನೆ: ನಾನೂರರ ಉನೊ, ಕಾದ ನ್ಯಾನೊ, ಉಬ್ಬಿದ ಸೆಲ್

ಪ್ರಶ್ನೆ: ಮಗಳ ಡಿಪ್ಲೊಮಾ ಪ್ರಾಜೆಕ್ಟಿಗೆ ಆರ್ಡುಯಿನೊ ಉನೊ (ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಬೇಕಂತೆ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿದರೆ ನಕಲಿಗೆ ₹400, ಅಸಲಿಗೆ ಅದರ ಐದಾರು ಪಟ್ಟು. ‘ದೋನೋ ಸೇಮ್ ಹೈ’ ಎನ್ನುತ್ತಾರೆ ಅಂಗಡಿಯವರು. ನಿಜವೇ?
– ಓದುಗರು, ಡೊಂಬಿವಲಿ

ಉತ್ತರ: ನಕ್ಷೆ ಒಂದೇ ಇರಬಹುದು, ಒಳಗಿನ ಬಿಡಿಭಾಗಗಳು ಒಂದೇ ಅಲ್ಲ. ಉನೊದ ಸರ್ಕಿಟ್ ನಕ್ಷೆ ಬಹಿರಂಗವಾಗಿದೆ. ಯಾರು ಬೇಕಾದರೂ ಮಾಡಿ ಮಾರಬಹುದು, ಹೆಸರು ಮತ್ತು ಲಾಂಛನವನ್ನು ಮಾತ್ರ ಬಳಸುವಂತಿಲ್ಲ. ಹಾಗಾಗಿ ತನ್ನದೇ ಹೆಸರು ಹಾಕಿಕೊಂಡ ಅಗ್ಗದ ಬೋರ್ಡಿಗಿಂತ, ಆರ್ಡುಯಿನೊ ಎಂದೇ ಅಚ್ಚು ಹಾಕಿಸಿಕೊಂಡು ₹400ಕ್ಕೆ ಬರುವ ಬೋರ್ಡನ್ನು ಹೆಚ್ಚು ಅನುಮಾನಿಸಿ. ಹೆಸರಿನಲ್ಲೇ ಸುಳ್ಳು ಹೇಳಿದವರು ಚಿಪ್ಪಿನ ವಿಷಯದಲ್ಲಿ ನಿಜ ಹೇಳಿದ್ದಾರೆಂದು ನಂಬುವುದು ಹೇಗೆ?

ಕಲಿಕೆಗೆ ಅಗ್ಗದ್ದು ಸಾಕು. ಆದರೆ 28 ಕಾಲಿನ ಉದ್ದನೆಯ ಚಿಪ್ ಸಾಕೆಟ್ಟಿನಲ್ಲಿ ಕೂತಿರುವ ಬೋರ್ಡನ್ನೇ ಕೇಳಿ. ಕಲಿಯುವವರ ಕೈಯಲ್ಲಿ ಒಂದಲ್ಲ ಒಂದು ಪಿನ್ ಸುಡುವುದು ಖಚಿತ. ಆಗ ಬೂಟ್‌ಲೋಡರ್ (ಕಂಪ್ಯೂಟರಿನಿಂದ ಪ್ರೋಗ್ರಾಂ ಪಡೆಯುವ ಪುಟ್ಟ ತಂತ್ರಾಂಶ) ಹಾಕಿದ ಹೊಸ ಚಿಪ್ ತಂದು ಕೂರಿಸಿದರೆ ಮುಗಿಯಿತು. ಚಪ್ಪಟೆ ಚಿಪ್ಪನ್ನು ನೇರವಾಗಿ ಬೆಸೆದ ಬೋರ್ಡು ಇನ್ನೂ ಅಗ್ಗ, ಆದರೆ ಒಂದು ತಪ್ಪು ವೈರಿಗೆ ಇಡೀ ಬೋರ್ಡು ಕಸದ ಬುಟ್ಟಿಗೆ. ಯುಎಸ್‌ಬಿ ಸಾಕೆಟ್ಟಿನ ಪಕ್ಕ 500 ಮಿಲಿಆಂಪಿನ ಪಾಲಿಫ್ಯೂಸ್ (ಕರೆಂಟ್ ಮಿತಿಮೀರಿದರೆ ತಡೆದು, ತಣಿದ ಮೇಲೆ ಮತ್ತೆ ಬಿಡುವ ಫ್ಯೂಸ್) ಇರಬೇಕು. ಆ ಜಾಗದಲ್ಲಿ ‘0’ ಬರೆದ ರೆಸಿಸ್ಟರ್ ಕಂಡರೆ ಅಲ್ಲೇ ಬಿಟ್ಟುಬನ್ನಿ: ಶಾರ್ಟ್ ಆದಾಗ ಪೆಟ್ಟು ಬೀಳುವುದು ಲ್ಯಾಪ್‌ಟಾಪಿನ ಪೋರ್ಟಿಗೆ.

ಯುಎಸ್‌ಬಿ ಕಡೆಯ ಚಿಪ್ ಅಸಲಿಯಲ್ಲಿ ಎಟಿಮೆಗಾ16ಯು2, ನಕಲಿನಲ್ಲಿ ಸಾಮಾನ್ಯವಾಗಿ ಸಿಎಚ್340. ಇದು ಕೆಟ್ಟ ಚಿಪ್ಪಲ್ಲ, ಸುಮ್ಮನೆ ಬೈಸಿಕೊಳ್ಳುತ್ತದೆ. ವಿಂಡೋಸಿನಲ್ಲಿ ಅದರ ಡ್ರೈವರ್ ಬೇಕಾಗಬಹುದು. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ತಂತ್ರಾಂಶ ಈ ಚಿಪ್ಪನ್ನು ತನ್ನ ಸಾಧನವೆಂದು ಹಿಡಿದುಕೊಂಡು ಪೋರ್ಟನ್ನೇ ಮಾಯ ಮಾಡುತ್ತದೆ. ಬ್ರೈಲ್ ಉಪಕರಣ ಬಳಸದವರು ಅದನ್ನು ತೆಗೆದುಹಾಕಿದರಾಯಿತು. ಬೋರ್ಡನ್ನೇ ಕೀಬೋರ್ಡಿನಂತೆ ವರ್ತಿಸುವಂತೆ ಮಾಡುವ ಪ್ರಾಜೆಕ್ಟಾದರೆ 16ಯು2 ಇರುವುದನ್ನೇ ಕೊಳ್ಳಿ, ಸಿಎಚ್340ಗೆ ಹೊಸ ಪ್ರೋಗ್ರಾಂ ತುಂಬಲಾಗದು.

ಮುಖ್ಯ ಚಿಪ್ ಅಸಲಿಯೇ ಎಂದು ಹಲವರು ಅಪ್‌ಲೋಡ್ ಸಮಯದ ಸಿಗ್ನೇಚರ್ (ಚಿಪ್ಪಿನ ಮಾದರಿ ಹೇಳುವ ಅಂಕಿ) ನೋಡಿ ಸಮಾಧಾನಪಡುತ್ತಾರೆ. ಅದು ಪುರಾವೆಯಲ್ಲ, ಉನೊದ ಬೂಟ್‌ಲೋಡರ್ ತನ್ನೊಳಗೆ ಬರೆದಿಟ್ಟ ಅಂಕಿಯನ್ನೇ ಒಪ್ಪಿಸುತ್ತದೆ. ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್ ಸಾಧನವನ್ನು, ಚಿಪ್ಪನ್ನು ನೇರವಾಗಿ ಓದಲು ಇರುವ 6 ಪಿನ್ನಿನ ಐಸಿಎಸ್‌ಪಿಗೆ ಜೋಡಿಸಿ ಓದಿ. ಉನೊದ ಅಸಲಿ ಮುಖ್ಯ ಚಿಪ್ ಎಟಿಮೆಗಾ328ಪಿ ಆದರೆ ‘1ಇ 95 0ಎಫ್’ ಬರಬೇಕು. ‘1ಇ 94’ ಎಂದು ಶುರುವಾದರೆ ಅದು 16 ಕೆಬಿಯ ಎಟಿಮೆಗಾ168, ನೀವು ದುಡ್ಡು ಕೊಟ್ಟದ್ದು 32 ಕೆಬಿಗೆ.

ನಕಲಿ ಚಿಪ್ಪು ಇಂದು ನಡೆದರೂ ನಾಳೆಯ ಭರವಸೆಯಿಲ್ಲ. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಜತೆ ಬಂದ, ಯುಎಸ್‌ಬಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್, ತನ್ನ ಹೆಸರಿನ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತ್ತು. ಹಿಂದಿನ ದಿನದವರೆಗೆ ಓಡಿದ ಬೋರ್ಡುಗಳು ಕಂಪ್ಯೂಟರಿಗೆ ಕಾಣಿಸದಾದವು.

ಪ್ರಶ್ನೆ: ನಮ್ಮ ಸೊಸೈಟಿಯ ನೀರಿನ ಟ್ಯಾಂಕಿಗೆ ನಕಲು ನ್ಯಾನೊ (ಆರ್ಡುಯಿನೊದ ಪುಟ್ಟ ಬೋರ್ಡು), 4 ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್) ಮಾಡ್ಯೂಲ್, 12 ವೋಲ್ಟ್ ಅಡಾಪ್ಟರ್ ಹಾಕಿ ಕಂಟ್ರೋಲರ್ ಮಾಡಿದ್ದೇವೆ. ಎಲ್ಲವೂ ಪುಣೆಯ ಬುಧವಾರ ಪೇಟೆ ಬಡಾವಣೆಯಲ್ಲಿ ಕೊಂಡದ್ದು. ಸ್ವಲ್ಪ ಹೊತ್ತಿಗೆ ನ್ಯಾನೊ ಮುಟ್ಟಲಾಗದಷ್ಟು ಬಿಸಿಯಾಗಿ ರೀಸೆಟ್ ಆಗುತ್ತದೆ. ಮೋಟಾರ್ ನಿಂತಾಗಲೂ ಒಮ್ಮೊಮ್ಮೆ ಹಾಗೆಯೇ.
– ಓದುಗರು, ಕೊಥ್ರೂಡ್, ಪುಣೆ

ಉತ್ತರ: ಎರಡು ಬೇರೆ ಕಾಯಿಲೆಗಳು. ಮೊದಲನೆಯದಕ್ಕೆ ಲೆಕ್ಕ ಸಾಕು. ನೀಲಿ ರಿಲೇಯ 5 ವೋಲ್ಟ್ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತದೆ; ನಾಲ್ಕಕ್ಕೆ 280, ನ್ಯಾನೊಗೆ 30 ಸೇರಿ 310. ಹೊರಗಿನ ವಿದ್ಯುತ್ ಪಡೆಯುವ ವಿನ್ ಪಿನ್ನಿಗೆ 12 ವೋಲ್ಟ್ ಕೊಟ್ಟಾಗ, ಅದನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಉಳಿದ 7 ವೋಲ್ಟನ್ನು ಶಾಖವಾಗಿ ಸುಡಬೇಕು: 7 × 0.31, ಅಂದರೆ 2 ವ್ಯಾಟಿಗೂ ಮೇಲೆ. ನ್ಯಾನೊದಷ್ಟು ಪುಟ್ಟ ಬೋರ್ಡಿನ ತಾಮ್ರ 1 ವ್ಯಾಟನ್ನೇ ಕಷ್ಟದಲ್ಲಿ ತಾಳುತ್ತದೆ. ಇಲ್ಲಿ ಅಸಲಿ ಹಾಕಿದ್ದರೂ ಕಾಯುತ್ತಿತ್ತು. ನಕಲು ಬೇಗ ಸೋಲುತ್ತದೆ ಅಷ್ಟೆ.

ಒಂದು ಬಕ್ ಕನ್ವರ್ಟರ್ (ಹೆಚ್ಚು ಕಾಯದೆ ವೋಲ್ಟೇಜ್ ಇಳಿಸುವ ಮಾಡ್ಯೂಲ್) ಹಾಕಿ. ಮೊದಲು ಏನೂ ಜೋಡಿಸದೆ ಮಲ್ಟಿಮೀಟರ್ ಹಿಡಿದು ಸ್ಕ್ರೂ ತಿರುಗಿಸಿ 5.0 ವೋಲ್ಟಿಗೆ ನಿಲ್ಲಿಸಿ, ಆಮೇಲೆ ನ್ಯಾನೊದ 5 ವೋಲ್ಟ್ ಪಿನ್ನಿಗೆ ಕೊಡಿ, ವಿನ್‌ಗೆ ಅಲ್ಲ. ಎಲ್‌ಎಂ2596 ಎಂದು ಚಿಪ್ಪಿನ ಹೆಸರು ಅಚ್ಚಾದ ಬಕ್ ಮಾಡ್ಯೂಲಿನಲ್ಲೂ ನಕಲಿ ಚಿಪ್ಪಿರುವುದುಂಟು: ಅಸಲಿ 150 ಕಿಲೋಹರ್ಟ್ಸ್‌ನಲ್ಲಿ ಓಡಿದರೆ ಇವು ಮೂರನೆಯ ಒಂದರಷ್ಟರಲ್ಲಿ. ಆಸಿಲೋಸ್ಕೋಪ್ ಇಲ್ಲದಿದ್ದರೆ 5 ಓಮ್, 10 ವ್ಯಾಟಿನ ರೆಸಿಸ್ಟರಿನಿಂದ 1 ಆಂಪ್ ಎಳೆದು 15 ನಿಮಿಷ ಬಿಡಿ. ವೋಲ್ಟೇಜ್ ಕುಸಿದರೆ ಹಿಂದಿರುಗಿಸಿ.

ಎರಡನೆಯದು ಕಾಯಿಲ್‌ಗಳು ಎಬ್ಬಿಸುವ ವಿದ್ಯುತ್ ಗದ್ದಲ. ರಿಲೇ ಮಾಡ್ಯೂಲಿನಲ್ಲಿ ಕಾಯಿಲ್‌ಗಳಿಗೆ ವಿದ್ಯುತ್ ಕೊಡುವ ಪಿನ್ನಾದ ಜೆಡಿ-ವಿಸಿಸಿಯ ಜಂಪರ್ ತೆಗೆದು, ಜೆಡಿ-ವಿಸಿಸಿಗೂ ಅದರ ಗ್ರೌಂಡಿಗೂ ಬೇರೆಯೇ 5 ವೋಲ್ಟ್ ಅಡಾಪ್ಟರ್ ಕೊಡಿ. ನ್ಯಾನೊದಿಂದ ವಿಸಿಸಿ ಮತ್ತು ಸಿಗ್ನಲ್ ವೈರುಗಳು ಮಾತ್ರ ಬರಲಿ, ಗ್ರೌಂಡ್ ಬೇಡ. ಎರಡು ಗ್ರೌಂಡುಗಳನ್ನು ಸೇರಿಸಿದರೆ ಆಪ್ಟೊ (ಎರಡು ಕಡೆಗಳನ್ನು ಬೆಳಕಿನಿಂದ ಮಾತ್ರ ಜೋಡಿಸುವ ಬಿಡಿಭಾಗ) ಇದ್ದೂ ಪ್ರಯೋಜನವಿಲ್ಲ.

ನೀವು ಬರೆದಿಲ್ಲ, ಆದರೂ ಹೇಳಲೇಬೇಕು: ‘10 ಆಂಪ್’ ಎಂದು ಬರೆದಿದೆಯೆಂದು ಆ ರಿಲೇಯಿಂದ ನೇರ ಮೋಟಾರ್ ಓಡಿಸಬೇಡಿ. 1 ಎಚ್‌ಪಿ ಮೋಟಾರ್ ಶುರುವಾಗುವಾಗ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆದು ಕಾಂಟ್ಯಾಕ್ಟುಗಳನ್ನು ಅಂಟಿಸಿಬಿಡುತ್ತದೆ. ಟ್ಯಾಂಕ್ ತುಂಬಿದರೂ ಮೋಟಾರ್ ನಿಲ್ಲದು. ರಿಲೇ ಕಾಂಟ್ಯಾಕ್ಟರಿನ (ಮೋಟಾರಿಗೆ ತಕ್ಕ ದೊಡ್ಡ ರಿಲೇ) ಕಾಯಿಲನ್ನು ಮಾತ್ರ ನಡೆಸಲಿ, ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 (ಮನೆಯ ಕರೆಂಟಿಗೆ ಹಾಕಬಹುದಾದ ದರ್ಜೆಯ) ಕೆಪಾಸಿಟರ್ ಸರಣಿಯಲ್ಲಿರಲಿ. ಮಾಡ್ಯೂಲ್ ತಿರುಗಿಸಿ ನೋಡಿ: 230 ವೋಲ್ಟಿನ ಗೆರೆಗೂ 5 ವೋಲ್ಟಿನ ಗೆರೆಗೂ ನಡುವೆ 6 ಮಿ.ಮೀ. ಅಂತರ ಇಲ್ಲವಾದರೆ, ಅದು ಎಷ್ಟೇ ಅಗ್ಗವಿರಲಿ, ಮನೆಯ ಕರೆಂಟಿಗೆ ಹಾಕುವ ವಸ್ತುವಲ್ಲ.

ಪ್ರಶ್ನೆ: ಡಿಎಸ್3231 ಗಡಿಯಾರ ಮಾಡ್ಯೂಲಿನ ಬಟನ್ ಸೆಲ್ ಉಬ್ಬಿದೆ. ಬೋರ್ಡಿನ ಮೇಲೆ ಹಸಿರು ಕಿಲುಬೂ ಇದೆ.
– ಓದುಗರು, ಮಡಗಾಂವ್, ಗೋವಾ

ಉತ್ತರ: ಆ ಅಗ್ಗದ ಮಾಡ್ಯೂಲಿನಲ್ಲಿ ಸೆಲ್ ಚಾರ್ಜ್ ಮಾಡುವ ದಾರಿಯಿದೆ, ನೀವು ಹಾಕಿದ್ದು ಚಾರ್ಜ್ ಮಾಡಬಾರದ ಸಿಆರ್2032 ಇರಬೇಕು. ‘201’ ಎಂದು ಬರೆದ ಪುಟ್ಟ ರೆಸಿಸ್ಟರ್ ಅಥವಾ ಅದರ ಪಕ್ಕದ ಗಾಜಿನ ಡಯೋಡನ್ನು ಬೆಸುಗೆ ಬಿಡಿಸಿ ತೆಗೆದು ಹೊಸ ಸೆಲ್ ಹಾಕಿ. ಕಿಲುಬಿಗೆ ಕಾರಣ ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು ಪದಾರ್ಥ) ಮತ್ತು ನಿಮ್ಮೂರ ಉಪ್ಪುಗಾಳಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಟೂತ್‌ಬ್ರಶ್ ಅದ್ದಿ ಉಜ್ಜಿ, ಚೆನ್ನಾಗಿ ಒಣಗಿಸಿ, ಸೆಲ್ ಹೋಲ್ಡರ್ ಮತ್ತು ಪಿನ್ನುಗಳಿಗೆ ಟೇಪ್ ಹಚ್ಚಿ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯಿರಿ. ಮಳೆಗಾಲಕ್ಕೆ ಮುಂಚೆಯೇ ಮಾಡಿ. ಆಮೇಲೆ ಬೋರ್ಡು ಒಣಗುವುದೇ ಕಷ್ಟ.