ಹೊಸ ಪದರ ಸೇರಿಸಿದಾಗ ಹಳೆಯ ಟ್ಯೂನ್ ಅಳಿಸಿಹೋಗುವುದೇಕೆ?

ಪಲ್ಲವಿಯನ್ನು ಪಿಯಾನೊ ವಾಯ್ಸ್‌ನಲ್ಲಿ (ವಾದ್ಯದ ದನಿಯಲ್ಲಿ) ರೆಕಾರ್ಡ್ ಮಾಡಿ, ಅದರ ಮೇಲೆ ಕೊಳಲಿನ ಪದರ ಸೇರಿಸಲು ಹೋದಾಗ ಪಿಯಾನೊ ಪೂರ್ತಿಯಾಗಿ ಮಾಯವಾಯಿತು, ಯಮಾಹಾ ಎಸ್‌ಎಕ್ಸ್ 700 ಕೀಬೋರ್ಡ್ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ಕೀಬೋರ್ಡ್ ಕೆಟ್ಟಿಲ್ಲ. ಕೊಳಲನ್ನೂ ನೀವು ರೈಟ್ 1ರಲ್ಲಿಯೇ, ಅಂದರೆ ಬಲಗೈಯ ಮೊದಲ ವಾದ್ಯಸ್ಥಾನದಲ್ಲಿಯೇ, ಇಟ್ಟು ನುಡಿಸಿದ್ದೀರಿ, ರೈಟ್ 1 ತಾನಾಗಿ ಚಾನೆಲ್ 1ಕ್ಕೆ (ಹಾಡಿನ ಹದಿನಾರು ಪ್ರತ್ಯೇಕ ಸಾಲುಗಳಲ್ಲಿ ಮೊದಲನೆಯದಕ್ಕೆ) ಹೋಗಿ ಕೂರುತ್ತದೆ, ಒಂದೇ ಚಾನೆಲ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದರೆ ಅಲ್ಲಿದ್ದದ್ದು ಅಳಿಸಿಹೋಗುತ್ತದೆ. ನಾನೂ ಹೀಗೆಯೇ ಒಂದು ಚರಣವನ್ನು ಕಳೆದುಕೊಂಡವನಾದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಚಾನೆಲ್‌ಗಳನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡುವ ಮಲ್ಟಿ ರೆಕಾರ್ಡಿಂಗ್ ಪರದೆಯಲ್ಲಿ ಚಾನೆಲ್ 1 ಅನ್ನು ಪ್ಲೇ ಸ್ಥಿತಿಗೆ ತಂದು, ಖಾಲಿ ಇರುವ 3 ಅಥವಾ 4ನೆಯ ಚಾನೆಲ್ಲನ್ನು ಮಾತ್ರ ರೆಕ್ ಮಾಡಿ, ಅದಕ್ಕೆ ರೈಟ್ 1 ಪಾರ್ಟನ್ನು ಜೋಡಿಸಿಕೊಳ್ಳಿ. ಸ್ಟೈಲಿನ, ಅಂದರೆ ಎಡಗೈಯ ಕಾರ್ಡಿಗೆ (ಒಟ್ಟಿಗೆ ಒತ್ತುವ ಸ್ವರಗುಚ್ಛಕ್ಕೆ) ತಕ್ಕಂತೆ ತಾನಾಗಿ ನುಡಿಯುವ ಹಿನ್ನೆಲೆ ವಾದ್ಯವೃಂದದ, ಎಂಟು ಪಾರ್ಟುಗಳು 9ರಿಂದ 16ರವರೆಗಿನ ಚಾನೆಲ್‌ಗಳಲ್ಲಿ ಕೂರುತ್ತವೆ, ಗುಂಡಿ ಒತ್ತಿದರೆ ನುಡಿಯುವ ಸಿದ್ಧ ತುಣುಕುಗಳಾದ ಮಲ್ಟಿ ಪ್ಯಾಡ್‌ಗಳಿಗೆ 5ರಿಂದ 8 ಮೀಸಲು. ಮೊದಲ ಪದರಕ್ಕೇ ಇದನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಕೈಪಿಡಿಯ ರೆಕಾರ್ಡಿಂಗ್ ಅಧ್ಯಾಯವನ್ನು ಒಮ್ಮೆಯೂ ತೆರೆಯದೆ ಯಂತ್ರದ ಮೇಲೆ ಅನುಮಾನ ಪಡುವುದನ್ನು ದಯವಿಟ್ಟು ಬಿಡಿ.

ಆದರೆ ನಿಮ್ಮ ನಿಜವಾದ ತೊಂದರೆ ಇರುವುದು ಅದಕ್ಕೂ ಹಿಂದಿನ ಹಂತದಲ್ಲಿ. ನುಡಿಸಿದ್ದನ್ನೆಲ್ಲ ಒಂದೇ ಸಲಕ್ಕೆ ಹಿಡಿಯುವ ಕ್ವಿಕ್ ರೆಕಾರ್ಡಿಂಗ್‌ನಲ್ಲಿ ಎಡಗೈಯ ಕಾರ್ಡುಗಳನ್ನೂ ಬಲಗೈಯ ಟ್ಯೂನನ್ನೂ ಒಟ್ಟಿಗೆ ನುಡಿಸಿದ್ದೀರಿ. ನಾನು ಹಾಗೆ ಮಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಮೊದಲು ಸ್ಟೈಲನ್ನು ಮಾತ್ರ ರೆಕಾರ್ಡ್ ಮಾಡುತ್ತೇನೆ. ಬಲಗೈ ಕೀಗಳನ್ನು ಮುಟ್ಟುವುದಿಲ್ಲ, ಅದರ ಕೆಲಸ ಸ್ಟೈಲಿನ ಭಾಗಗಳನ್ನು ಬದಲಿಸುವ ಇಂಟ್ರೊ, ಮೇನ್ ಎ, ಫಿಲ್, ಮೇನ್ ಬಿ, ಎಂಡಿಂಗ್ ಗುಂಡಿಗಳನ್ನು ಒತ್ತುವುದಷ್ಟೇ. ಟ್ಯೂನನ್ನು ಬಾಯಲ್ಲಿ ಗುನುಗಿಕೊಳ್ಳುತ್ತೇನೆ. ಹೀಗೆ ಮಾಡಿದಾಗ ಗಮನವೆಲ್ಲ ಕಾರ್ಡು ಬದಲಾಗುವ ಕ್ಷಣದ ಮೇಲೆಯೇ ಇರುತ್ತದೆ. ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ಬೆರಳು ಕೂದಲೆಳೆಯಷ್ಟು ತಡವಾದರೂ, ಬೇಸ್ ಹೊಸ ಬಾರಿನ (ತಾಳದ ಸುತ್ತಿನ) ಮೊದಲ ಬೀಟಿನಲ್ಲಿ ಹಳೆಯ ಸಿ ಸ್ವರವನ್ನೇ ಹಿಡಿದು, ಬಳಿಕ ತಡವರಿಸಿ ಎ ಸ್ವರಕ್ಕೆ ಜಾರುತ್ತದೆ. ನುಡಿಸುವಾಗ ಅದು ಕಿವಿಗೆ ಬೀಳುವುದಿಲ್ಲ, ಮೇಲೆ ಮೂರು ಪದರ ಸೇರಿಸಿದ ಮೇಲೆ ಎಲ್ಲವೂ ಸೇರಿ ಕೆಸರಾದಂತೆ ಕೇಳಿಸುತ್ತದೆ. ಆದ್ದರಿಂದ ಕಾರ್ಡನ್ನು ಬೀಟಿಗಿಂತ ಒಂದು ಚೂರು ಮೊದಲೇ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ತೀರಾ ಮುಂಚೆ ಒತ್ತಿದರೆ ಹಿಂದಿನ ಬಾರಿನ ಕೊನೆಯ ಸ್ವರ ಬದಲಾಗಿಬಿಡುತ್ತದೆ ಎಂಬುದೂ ನೆನಪಿರಲಿ.

ನೇರವಾಗಿ ನುಡಿಸಿ ರೆಕಾರ್ಡ್ ಮಾಡಿದ ಸ್ಟೈಲ್ ಈ ಯಂತ್ರದಲ್ಲಿ ಬಿಡಿ ಸ್ವರಗಳಾಗಿ ಉಳಿಯುತ್ತದೆಯೇ ಹೊರತು ಕಾರ್ಡುಗಳಾಗಿ ಅಲ್ಲ. ಒಂದು ಬಾರಿನ ಕಾರ್ಡು ತಪ್ಪಿದ್ದರೆ ಅದೊಂದನ್ನೇ ಬದಲಿಸಲು ಬರುವುದಿಲ್ಲ, ಆ ಭಾಗವನ್ನು ಪಂಚ್ ಇನ್ ಮಾಡಿ, ಅಂದರೆ ಅಷ್ಟನ್ನೇ ಆಯ್ದು, ಮತ್ತೆ ನುಡಿಸಬೇಕು. ಈ ಒಂದು ವಿಷಯದಲ್ಲಿ ನನಗೆ ಕೊರ್ಗ್ ಪಿಎ ಸರಣಿಯೇ ಹೆಚ್ಚು ಇಷ್ಟ. ಅದರ ಬ್ಯಾಕಿಂಗ್ ಸೀಕ್ವೆನ್ಸ್ ವಿಧಾನದಲ್ಲಿ ಕಾರ್ಡುಗಳದ್ದು ಬೇರೆ ಟ್ರ್ಯಾಕ್, ನುಡಿಸಿದ್ದು ಬೇರೆ ಟ್ರ್ಯಾಕ್. ಆ ವಿಧಾನದಿಂದ ಹೊರಬಂದ ಕೂಡಲೇ ಎಲ್ಲವೂ ಸಾಮಾನ್ಯ ಹಾಡಾಗಿ ಪರಿವರ್ತನೆಯಾಗುವುದರಿಂದ, ಕಾರ್ಡುಗಳ ತಿದ್ದುಪಡಿಯನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಬೇಕು. ಯಮಾಹಾದ ವಾಯ್ಸ್‌ಗಳು ಕಿವಿಗೆ ಹೆಚ್ಚು ಹಿತವೆಂದು ನನಗನಿಸಿದರೂ, ಹಾಡು ಕಟ್ಟುವ ಸೌಕರ್ಯದಲ್ಲಿ ಕೊರ್ಗ್ ಮುಂದಿದೆ ಎಂದೇ ಹೇಳುತ್ತೇನೆ.

ಸ್ಟೈಲ್ ಸರಿಯಾಗಿ ಕೂತ ಮೇಲೆ ಟ್ಯೂನ್, ಆನಂತರ ಸ್ಟ್ರಿಂಗ್ಸ್, ಕೊನೆಗೆ ಕೊಳಲಿನಂಥ ಅಲಂಕಾರಗಳು. ರೈಟ್ 2, ರೈಟ್ 3 ಆನ್ ಮಾಡಿ ಒಂದೇ ಬೆರಳಿಗೆ ಮೂರು ವಾದ್ಯ ನುಡಿಸುವುದನ್ನು ಪದರವೆಂದು ಭಾವಿಸಬೇಡಿ, ಅದರಿಂದ ಒಂದೇ ಸಾಲು ದಪ್ಪವಾಗುತ್ತದೆ ಅಷ್ಟೇ. ಸ್ಟ್ರಿಂಗ್ಸ್ ಸೇರಿಸುವ ಮುನ್ನ ಸ್ಟೈಲಿನಲ್ಲಿ ಉದ್ದ ಸ್ವರಗಳನ್ನು ಎಳೆಯುವ ಪ್ಯಾಡ್ ಪಾರ್ಟನ್ನು, ಅಂದರೆ 14ನೆಯ ಚಾನೆಲ್ಲನ್ನು, ಮ್ಯೂಟ್ ಮಾಡಿ ಕೇಳಿ. ಎರಡೂ ಒಂದೇ ಆಕ್ಟೇವಿನಲ್ಲಿ ಎಳೆಯುತ್ತಿದ್ದರೆ ಟ್ಯೂನ್ ಹಿಂದೆ ಸರಿಯುತ್ತದೆ. ಹಾಗಾದಲ್ಲಿ ಪ್ಯಾಡನ್ನು ಕೈಬಿಡಿ, ಇಲ್ಲವೇ ಸ್ಟ್ರಿಂಗ್ಸನ್ನು ಒಂದು ಆಕ್ಟೇವ್ ಮೇಲೆ ನುಡಿಸಿ.

ಸ್ವರಗಳನ್ನು ಯಂತ್ರವೇ ಬೀಟಿಗೆ ಸರಿಸಿ ಕೂರಿಸುವ ಕ್ವಾಂಟೈಸ್ ಬಗ್ಗೆ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಬೇಸ್, ಡ್ರಮ್ಸ್ ಕೈಯಲ್ಲಿ ನುಡಿಸಿದ್ದರೆ ಮಾಡಿ, ಟ್ಯೂನಿಗೆ ಮಾಡಬೇಡಿ. ಪಿಚ್ ಬೆಂಡ್ ಚಕ್ರದಿಂದ ಸ್ವರವನ್ನು ಜಾರಿಸಿ ನುಡಿಸಿದ ಕಡೆ ಬರೀ ಸ್ವರ ಮಾತ್ರ ಬೀಟಿಗೆ ಸರಿದು, ಬೆಂಡ್ ಮೊದಲಿದ್ದ ಜಾಗದಲ್ಲಿಯೇ ಉಳಿದರೆ, ಜಾರುವಿಕೆಯ ಅಂದವೇ ಕೆಡುತ್ತದೆ.

ಪ್ರತಿ ಪದರದ ನಂತರವೂ ಹಾಡನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಸೇವ್ ಮಾಡದೆ ಪವರ್ ಆಫ್ ಮಾಡಿದರೆ ರೆಕಾರ್ಡ್ ಮಾಡಿದ್ದೆಲ್ಲ ಹೋಗುತ್ತದೆ. ಕೊಳಲು ಸೇರಿಸುವ ಮೊದಲು ನೀವು ಸೇವ್ ಮಾಡಿದ್ದರೆ, ಆ ಹಳೆಯ ಫೈಲಿನಲ್ಲಿ ಪಿಯಾನೊ ಇನ್ನೂ ಇರುತ್ತದೆ, ಮೊದಲು ಅದನ್ನು ಹುಡುಕಿ. ಕಂಪ್ಯೂಟರಿಗೆ ಜೋಡಿಸಿದಾಗ ಪ್ರತಿ ಸ್ವರವೂ ಎರಡೆರಡು ಸಲ ಕೇಳಿಸಿದರೆ ಕೀಬೋರ್ಡಿನಲ್ಲಿ ಲೋಕಲ್ ಕಂಟ್ರೋಲ್ (ಕೀ ಒತ್ತಿದಾಗ ಒಳಗಿನ ದನಿಯನ್ನು ನೇರವಾಗಿ ನುಡಿಸುವ ವ್ಯವಸ್ಥೆ) ಆಫ್ ಮಾಡಿ.

ಹಾಡುವ ಆಲೋಚನೆಯಿದ್ದರೆ, ಇದುವರೆಗೆ ಹೇಳಿದ, ದನಿಯ ಬದಲು ನುಡಿಸಿದ ಸ್ವರಗಳ ಮಾಹಿತಿಯನ್ನಷ್ಟೇ ಉಳಿಸುವ ಮಿಡಿ ರೆಕಾರ್ಡಿಂಗ್‌ನಲ್ಲಿ ಮೈಕಿನ ದನಿ ಸೇರುವುದಿಲ್ಲ ಎಂಬುದನ್ನು ಗಮನಿಸಿ. ಎಲ್ಲ ಪದರಗಳೂ ಮುಗಿದು, ವಾಲ್ಯೂಮ್‌ಗಳನ್ನು ಹೊಂದಿಸಿದ ಮೇಲೆ, ಆ ಮಿಡಿ ಹಾಡನ್ನು ಪ್ಲೇ ಮಾಡುತ್ತಾ ಮೈಕಿನಲ್ಲಿ ಹಾಡಿ, ಪೆನ್ ಡ್ರೈವಿಗೆ ಆಡಿಯೊ ರೆಕಾರ್ಡ್ ಮಾಡಿಕೊಳ್ಳಿ.