ಮಂಡಿ ಬದಲಿಸಿದ ಮೇಲೆ ಕಾಲು ಉದ್ದವಾಯಿತೇ?

ಪ್ರಶ್ನೆ: ಬಲ ಮಂಡಿಯ ಕೀಲು ಬದಲಿಸಿ ಏಳು ವಾರವಾಯಿತು. ನೋವು ಇಳಿದಿದೆ, ಆದರೆ ನಡೆಯುವಾಗ ಬಲಗಾಲು ಉದ್ದವಾದ ಹಾಗೆ ಅನಿಸುತ್ತದೆ. ಎಡಗಾಲಿನ ಚಪ್ಪಲಿಗೆ ಅಟ್ಟೆ ಏರಿಸಿಕೊಳ್ಳಲೇ? ಎಡ ಮಂಡಿಯೂ ಸವೆದು ಹೊರಕ್ಕೆ ಬಾಗಿದೆ.

ಉತ್ತರ: ಈಗಲೇ ಬೇಡ. ನಿಮ್ಮ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಸವೆದ ಮಂಡಿ ವರ್ಷಗಟ್ಟಲೆ ಬಿಲ್ಲಿನಂತೆ ಬಾಗುತ್ತ ಹೋಗಿರುತ್ತದೆ. ಬಾಗಿದ ಕಾಲು ನೆಟ್ಟಗಿನ ಕಾಲಿಗಿಂತ ಗಿಡ್ಡ. ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯನ್ನು ಉದ್ದ ಮಾಡುವುದಿಲ್ಲ. ತೊಡೆಮೂಳೆಯ ಕೆಳತುದಿಯಿಂದಲೂ ಕಾಲಮೂಳೆಯ ಮೇಲ್ತುದಿಯಿಂದಲೂ ಸಾಮಾನ್ಯವಾಗಿ 8-10 ಮಿ.ಮೀ. ಕೊಯ್ದು, ಹೆಚ್ಚುಕಡಿಮೆ ಅಷ್ಟೇ ದಪ್ಪದ ಲೋಹ, ಪ್ಲಾಸ್ಟಿಕ್ ಕೂರಿಸುತ್ತಾರೆ. ಉದ್ದ ಬರುವುದು ಬಾಗು ನೇರವಾದದ್ದರಿಂದ, ಸವೆದು ಕುಸಿದಿದ್ದ ಸಂದು ಮತ್ತೆ ತೆರೆದುಕೊಂಡದ್ದರಿಂದ. ತೊಡೆ 40 ಸೆಂ.ಮೀ., ಮಂಡಿಯ ಕೆಳಗೆ 38 ಸೆಂ.ಮೀ. ಇರುವ ಕಾಲು 15 ಡಿಗ್ರಿ ಹೊರಬಾಗಿದ್ದರೆ, ಲೆಕ್ಕ ಹಾಕಿದಾಗ ಸುಮಾರು 7 ಮಿ.ಮೀ. ಗಿಡ್ಡ.

ಆ ಗಿಡ್ಡಕ್ಕೆ ಒಗ್ಗಿಹೋಗಿದ್ದ ಸೊಂಟ, ಬೆನ್ನು, ತೊಡೆಯ ಸ್ನಾಯುಗಳಿಗೆ ಹೊಸ ಅಳತೆ ಹಿಡಿಯಲು ಸಮಯ ಬೇಕು. ಬಹಳಷ್ಟು ಜನರಲ್ಲಿ ಮೂರರಿಂದ ಆರು ತಿಂಗಳಲ್ಲಿ ಈ ಅನಿಸಿಕೆ ಕರಗುತ್ತದೆ. ಈಗ ಅಟ್ಟೆ ಏರಿಸಿದರೆ ಸೊಂಟ ಹಳೆಯ ಓರೆಯಲ್ಲೇ ಉಳಿದುಬಿಡಬಹುದು. ಮುಂದೆ ಎಡ ಮಂಡಿಗೂ ಶಸ್ತ್ರಚಿಕಿತ್ಸೆಯಾದರೆ ಆ ಕಾಲೂ ನೆಟ್ಟಗಾಗುತ್ತದೆ, ಅಂತರ ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಊರುಗೋಲನ್ನು ಎಡಗೈಯಲ್ಲೇ ಹಿಡಿಯಿರಿ; ಮೆಟ್ಟು ಹಾಕಿಕೊಂಡು ನಿಂತು ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು.

ಪ್ರಶ್ನೆ: ನನ್ನದು ಉಲ್ಟಾ. ಕೀಲು ಬದಲಿಸಿದ ಕಾಲೇ ಗಿಡ್ಡ ಅನಿಸುತ್ತದೆ. ಮಲಗಿದರೆ ಮಂಡಿಯ ಹಿಂಭಾಗ ಹಾಸಿಗೆಗೆ ತಾಗುವುದಿಲ್ಲ.

ಉತ್ತರ: ಹಾಗಾದರೆ ಗಿಡ್ಡವಾಗಿರುವುದು ಮೂಳೆಯಲ್ಲ, ಮಂಡಿ ಪೂರ್ತಿ ಚಾಚುತ್ತಿಲ್ಲ. ಮೇಲಿನದೇ ಅಳತೆಯ ಕಾಲು 10 ಡಿಗ್ರಿ ಮಡಿಚಿಕೊಂಡಿದ್ದರೆ 3 ಮಿ.ಮೀ., 20 ಡಿಗ್ರಿಗೆ 12 ಮಿ.ಮೀ. ಕಳೆದುಕೊಳ್ಳುತ್ತದೆ. ಇಂಥ ಕಾಲಿನ ಹಿಮ್ಮಡಿಯಡಿ ಎತ್ತರ ಕೊಟ್ಟರೆ ತಕ್ಷಣ ಹಾಯೆನಿಸುತ್ತದೆ, ಆದರೆ ಮಂಡಿ ಮಡಿಚಿಕೊಂಡೇ ಉಳಿಯಲು ದಾರಿಯಾಗುತ್ತದೆ. ನಮ್ಮ ಸಲಹೆ: ಮಂಡಿಯ ಕೆಳಗೆ ದಿಂಬಿಡುವ ಅಭ್ಯಾಸವನ್ನು ಇಂದೇ ಬಿಡಿ. ಬದಲಿಗೆ ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಗೆ ಯಾವ ಆಸರೆಯೂ ಇಲ್ಲದೆ 10 ನಿಮಿಷ ಬಿಡಿ, ದಿನಕ್ಕೆ ನಾಲ್ಕು ಸಲ. ಜೊತೆಗೆ ತೊಡೆಯ ಮುಂಭಾಗ ಬಿಗಿದು ಮಂಡಿಯನ್ನು ಕೆಳಕ್ಕೆ ಒತ್ತಿ, 5 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಬಾರಿ. ಎಳೆತ ಇರಲಿ, ಚುಚ್ಚುವ ನೋವು ಬೇಡ. ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಫಿಸಿಯೋಥೆರಪಿಸ್ಟ್ ಮಂಡಿಯ ಕೋನ ಅಳೆಯಲಿ, ಶಸ್ತ್ರಚಿಕಿತ್ಸಕರಿಗೂ ತಿಳಿಸಿ. ತಿಂಗಳು ಉರುಳಿದಷ್ಟೂ ಈ ಬಿಗಿತ ಬಲಿಯುತ್ತದೆ, ಕಾಯುತ್ತ ಕೂರಬೇಡಿ.

ಪ್ರಶ್ನೆ: ಒಂಬತ್ತು ತಿಂಗಳಾದರೂ ಅಂತರ ಹೋಗಿಲ್ಲ, ಸೊಂಟ ನೋಯುತ್ತದೆ. ಎಷ್ಟು ಎತ್ತರ ಏರಿಸಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಮಲಗಿಸಿ ಟೇಪು ಹಿಡಿದು ಅಳೆದರೆ ಟೇಪು ಚೂರು ಜಾರಿದರೂ ಲೆಕ್ಕ ತಪ್ಪುತ್ತದೆ. ನಿಂತು ಅಳೆಯುವುದು ಮೇಲು. ಬರಿಗಾಲಲ್ಲಿ, ಎರಡೂ ಮಂಡಿ ಚಾಚಿ ನಿಲ್ಲಿ. ಇನ್ನೊಬ್ಬರು ಹಿಂದೆ ಕುಳಿತು ಸೊಂಟದ ಮೂಳೆಯ ಎರಡೂ ಅಂಚಿನ ಮೇಲೆ ಅಂಗೈ ಇಡಲಿ. ಗಿಡ್ಡ ಕಾಲಿನಡಿ ತೆಳು ಹಲಗೆ ಅಥವಾ ಗಟ್ಟಿ ರಟ್ಟಿನ ಪುಸ್ತಕಗಳನ್ನು ಒಂದೊಂದಾಗಿ ಸೇರಿಸುತ್ತ, ಕೈಗಳು ಸಮಕ್ಕೆ ಬಂದಾಗ ಆ ದಪ್ಪವನ್ನು ಅಳೆಯಿರಿ. ಇದನ್ನು ಖಚಿತಪಡಿಸುವುದು ಸೊಂಟದಿಂದ ಪಾದದವರೆಗೆ ನಿಲ್ಲಿಸಿ ತೆಗೆದ ಎಕ್ಸ್‌ರೇ.

ಅಂತರ 14 ಮಿ.ಮೀ. ಬಂತೆನ್ನಿ, 14 ಪೂರ್ತಿ ಏರಿಸಬೇಡಿ. 5 ಮಿ.ಮೀ.ಯಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ 3 ಮಿ.ಮೀ. ಸೇರಿಸಿ, ನಡಿಗೆ ಹಿತವಾದಲ್ಲಿ ನಿಲ್ಲಿಸಿ. ಎಷ್ಟೋ ಜನರಿಗೆ ಅರ್ಧ ಅಂತರ ತುಂಬಿದರೇ ಸಾಕು. ಗಟ್ಟಿ ಕಾರ್ಕ್ ಅಥವಾ ಬಿಗಿಯಾದ ಇವಿಎ (ಚಪ್ಪಲಿಯ ಅಟ್ಟೆಗೆ ಬಳಸುವ ರಬ್ಬರಿನಂಥ ವಸ್ತು) ಬಳಸಿ. ಮೆತ್ತನೆಯ ಫೋಮ್ ಭಾರಕ್ಕೆ ಅಪ್ಪಚ್ಚಿಯಾಗಿ ಕೊಟ್ಟ ಎತ್ತರವೇ ಇಲ್ಲವಾಗುತ್ತದೆ. ಶೂ ಒಳಗೆ 8-10 ಮಿ.ಮೀ. ದಾಟಿದರೆ ಹಿಮ್ಮಡಿ ಹೊರಜಾರುತ್ತದೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಹೊರಗಿನ ಅಟ್ಟೆಯನ್ನೇ, ಹಿಮ್ಮಡಿಗೆ ಮಾತ್ರವಲ್ಲದೆ ಬೆರಳಿನವರೆಗೂ, ದಪ್ಪ ಮಾಡಿಸಿ. ಮನೆಯೊಳಗೆ ಹಾಕುವ ಜೋಡಿಗೂ ಇದೇ ಎತ್ತರ ಇರಲಿ, ಇಲ್ಲವಾದರೆ ಸೊಂಟಕ್ಕೆ ದಿನವೂ ಎರಡು ಅಳತೆಯ ಕಾಲು ಕೊಟ್ಟ ಹಾಗೆ.

ಅಂತರ ಒಮ್ಮೆಲೇ ಹೆಚ್ಚಿದರೆ, ಮಂಡಿ ಪಕ್ಕಕ್ಕೆ ವಾಲಿದರೆ, ಪಾದ ಮೇಲೆತ್ತಲು ಆಗದಿದ್ದರೆ, ಮಂಡಿ ಕೆಂಪಾಗಿ ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಅಟ್ಟೆಯ ಯೋಚನೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.