ಹತ್ತು ಸೆಕೆಂಡಿನ ಓಟ, ದಿನವಿಡೀ ಗ್ರೀಸು

ಪ್ರಶ್ನೆ: ಅಮೆರಿಕದಲ್ಲಿ ಹವ್ಯಾಸಿಗಳು ಡ್ರ್ಯಾಗ್ ಬೋಟ್ ರೇಸ್ ಮಾಡುತ್ತಾರಂತೆ. ಹತ್ತು ಸೆಕೆಂಡಿಗೆ ಅಷ್ಟೊಂದು ದುಡಿಮೆ ಯಾಕೆ? ನಮ್ಮ ಶರಾವತಿ ಹಿನ್ನೀರಲ್ಲಿ ಆಗಲ್ವಾ?
– ಓದುಗರೊಬ್ಬರು, ತುಮರಿ

ಉತ್ತರ: ಸಾಗರ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನನ್ನೇ ಕೇಳಿದಿರಿ, ಒಳ್ಳೆಯದಾಯಿತು. ಎರಡು ದೋಣಿ, ನೇರ ದಾರಿ. ಹಳೆಯ ಲೆಕ್ಕದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ದೋಣಿಗೆ ಬ್ರೇಕ್ ಇಲ್ಲವಲ್ಲ, ನಿಧಾನಕ್ಕೆ ತೇಲುತ್ತಾ ಬಂದು ಹೊತ್ತಿಗೆ ಸರಿಯಾಗಿ ಓಟ ಶುರುವಾಗುವ ಗೆರೆ ದಾಟಬೇಕು. ಮೊದಲೇ ದಾಟಿದರೆ ಔಟ್. ಕೆಲವು ವರ್ಗಗಳಲ್ಲಿ ನಿಗದಿತ ಸಮಯಕ್ಕಿಂತ ಬೇಗ ಗುರಿ ಮುಟ್ಟಿದರೂ ಸೋಲು! ಸುಮ್ನೆ ದುಡ್ಡು ಸುರಿದವನೇ ಗೆಲ್ಲುವ ಹಾಗಿಲ್ಲ. ನನಗೆ ತುಂಬಾ ಹಿಡಿಸಿದ ನಿಯಮ ಇದು.

ಎಂಜಿನ್ ಹೆಚ್ಚಾಗಿ ಕಾರಿನ ವಿ8, ಅಂದರೆ ಎಂಟು ಸಿಲಿಂಡರಿನದು. ಪ್ಲಗ್ ನೋಡಬೇಕು, ವಾಲ್ವ್ ಸರಿಮಾಡಬೇಕು, ಪ್ರೊಪೆಲ್ಲರ್ ಬದಲಿಸಬೇಕು. ಒಬ್ಬನ ಕೈಲಾಗದು. ಹೆಂಡತಿ, ಮಗ, ಭಾವಮೈದುನ ಎಲ್ಲರೂ ಸ್ಪ್ಯಾನರ್ ಹಿಡಿಯಬೇಕು. ಪಕ್ಕದ ತಂಡದವನೂ ಬಂದು ಕೈಜೋಡಿಸುತ್ತಾನೆ, ಅಡಿಕೆ ಕೊಯ್ಲಿನ ಮುಯ್ಯಾಳಿನ ಹಾಗೆ. ಆಮೇಲೆ ಅವನನ್ನೇ ಸೋಲಿಸಬೇಕು!

ಶರಾವತಿಯ ಲಿಂಗನಮಕ್ಕಿ ಹಿನ್ನೀರಾ? ಬೇಡ ಮಾರಾಯ್ರೆ. 1964ರ ಅಣೆಕಟ್ಟಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಡಿ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ನೀವೇ ನೋಡಿರುತ್ತೀರಿ. ಎಂಜಿನ್ ಹುಚ್ಚು ಜಾಸ್ತಿ ಇದ್ದರೆ ಅಂಗಡಿಗೆ ಬನ್ನಿ, ಎರಡು ಡೀಸೆಲ್ ಪಂಪ್ ಬಿಚ್ಚಿಟ್ಟಿದ್ದೇನೆ.